ಎರಡು ದವಡೆಹಲ್ಲು

ಸರ್ಜನ್ ಎತ್ತಿ ಹಿಡಿದ ಶೀಶೆಯಲ್ಲಿ ಅರ್ಧ ಬೆಂಕಿಕಡ್ಡಿಯಷ್ಟು ಮೂಳೆಯಿತ್ತು. "ನೋಡಿ ಅಮ್ಮಾ, ಮೂರು ವರ್ಷದಿಂದ ನುಂಗಿದಾಗೆಲ್ಲ ಚುಚ್ಚುತ್ತಿದ್ದದ್ದು ಇದೇ. ಕಿವಿ ಕೆಳಗಿನ ಮೂಳೆ ಗಂಟಲತನಕ ಬೆಳೆದುಬಿಟ್ಟಿತ್ತು. ಬಾಯೊಳಗಿಂದಲೇ ತೆಗೆದ್ವಿ."

ಮಂಚದ ಪಕ್ಕ ನಿಂತಿದ್ದ ಮಗಳು ಬೆವತುಹೋದಳು. ಅವಳು ಹಲ್ಲಿನ ಡಾಕ್ಟರು. ಇದೇ ನೋವಿಗೆಂದು ಅಮ್ಮನ ಎರಡು ದವಡೆಹಲ್ಲು ಕಿತ್ತವಳು ಅವಳೇ. ಆಮೇಲೂ ಅಮ್ಮ ನರಳಿದಾಗ, "ಎಲ್ಲ ನಿನ್ನ ಭ್ರಮೆ" ಎಂದು ಗದರಿದ್ದಳು.

"ಅಂದಹಾಗೆ, ಆ ಕಡೆ ಎರಡು ಹಲ್ಲೇ ಇಲ್ಲವಲ್ಲ? ಸುಮ್ಮಸುಮ್ಮನೆ ಕಿತ್ತ ಪುಣ್ಯಾತ್ಮ ಯಾರು?" ಎಂದರು ಸರ್ಜನ್.

ಮಗಳು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು. ಗಂಟಲಿನ ಆಪರೇಷನ್ ಆಗಿದ್ದರಿಂದ ಅಮ್ಮ ಮಾತಾಡುವ ಹಾಗಿರಲಿಲ್ಲ. ಇನ್ನೊಂದು ಕೈಯಿಂದ ಚೀಟಿಯ ಮೇಲೆ ಬರೆದಳು: "ತಾವಾಗೇ ಬಿದ್ದುಹೋದವು ಡಾಕ್ಟ್ರೇ."

ಅವನ್ನು ಕೀಳಲು ಮಗಳಿಗೆ ಒಂದು ಗಂಟೆ ಹಿಡಿದಿತ್ತು.