ಕದಲದ ಹೊತ್ತು

ತಮ್ಮನ ಜೇಬಿನೊಳಗೆ ಏನೋ ಟಿಕ್ ಎಂದಿತು. ಗೋಡೆಗೆ ಮುಖ ಮಾಡಿ ಮಲಗಿದ್ದ ಅಕ್ಕ ತಿರುಗದೆಯೇ ಕೇಳಿದಳು:

"ಏನೋ ಅದು?"

"ಏನಿಲ್ಲಕ್ಕ. ಏಳು, ಆಸ್ಪತ್ರೆಗೆ ಹೊತ್ತಾಯ್ತು."

"ಜೇಬಲ್ಲಿರೋದು ತೆಗಿ."

ತಮ್ಮ ತೆಗೆದ. ಲ್ಯಾಬಿನ ಸ್ಟಾಪ್‌ವಾಚು. ಪ್ಯಾಂಟಿನ ಜೇಬಿನಲ್ಲೇ ಉಳಿದು ಬಂದಿತ್ತು, ಅದೇನೋ ನಿಜ. ಆದರೆ ಒತ್ತಿದ್ದು ಹೆಬ್ಬೆರಳಿನ ಚಾಳಿ. ಬಾಗಿಲಲ್ಲಿ ನಿಂತು ಅಕ್ಕನ ಬೆನ್ನು ಕದಲುತ್ತದೆಯೇ ಎಂದು ನೋಡುತ್ತಿದ್ದವನಿಗೆ ಬೆರಳು ಯಾವಾಗ ಇಳಿಯಿತೆಂದು ತಿಳಿಯಲೇ ಇಲ್ಲ. ಅಂಕಿಗಳು ಇನ್ನೂ ಓಡುತ್ತಿದ್ದವು. ನಿಲ್ಲಿಸಬೇಕೆಂದರೆ ಮತ್ತೆ ಒತ್ತಬೇಕು, ಒತ್ತಿದರೆ ಮತ್ತೆ ಟಿಕ್ ಎನ್ನುತ್ತದೆ. ಹಾಗೇ ಬಿಟ್ಟು ಅಂಕಿಗಳ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಂಡ.

ಅದು ಯಾತಕ್ಕೆಂದು ಅಕ್ಕನಿಗೆ ಗೊತ್ತಿತ್ತು. ಹೇಳಿದವನು ಅವನೇ, ಹಿಂದೊಮ್ಮೆ ಊಟದ ಮೇಜಿನಲ್ಲಿ, ಭಾವನನ್ನು ನಗಿಸಲೆಂದು. ಇಲಿಯನ್ನು ನೀರಿನ ಜಾಡಿಗೆ ಬಿಡುತ್ತಾರೆ. ಮೊದಮೊದಲು ಕೈಕಾಲು ಬಡಿಯುತ್ತದೆ. ನೊಂದು ಬೆಂದ ಇಲಿಯಾದರೆ ಬೇಗ ಸೋತು, ಮೂಗಷ್ಟೇ ಮೇಲಿಟ್ಟು, ಸುಮ್ಮನೆ ತೇಲುತ್ತದೆ. ಆ ಕದಲದ ಹೊತ್ತನ್ನು ಅಳೆಯುವುದು ಇವನ ಕೆಲಸ. ಹೊಸ ಔಷಧ ಚುಚ್ಚಿದರೆ ಅಂಥ ಇಲಿಯೂ ಅದೇ ದಿನ ಮತ್ತೆ ಈಜುತ್ತದೆ. ಅವತ್ತು ಕುರ್ಚಿಯಲ್ಲೇ ಕೈಕಾಲು ಸಡಿಲಬಿಟ್ಟು, ಮೂಗು ಮೇಲೆತ್ತಿ ತೇಲಿ ತೋರಿಸಿದ್ದ. ಭಾವನಿಗೆ ನಗುವಿನಲ್ಲಿ ನೀರು ನೆತ್ತಿಗೇರಿತ್ತು. ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು. ಆಗಲೇ ಅವಳ ಮನಸ್ಸು ಅರ್ಧ ಮುಳುಗಿತ್ತು. ಮನೆಯಲ್ಲಿ ಯಾರಿಗೂ ಕಂಡಿರಲಿಲ್ಲ.

"ಎಷ್ಟಾಯ್ತು?" ಅಕ್ಕ ಈಗ ಎದ್ದು ಕೂತಿದ್ದಳು. "ನಿನ್ನ ಇಲಿಗಿಂತ ನಾನು ವಾಸಿನಾ?"

"ಅಕ್ಕಾ, ಕೈತಪ್ಪಿ..."

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹೇಳೋ, ಯಾರು ಮುಂದೆ?"

ಅವನ ಕಿವಿ ಕಾದವು. ಮಾತು ಮರೆಸಲು ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. "ಇವತ್ತು ನಿನಗೆ ಹಾಕೋದೂ ಅದೇ ಔಷಧಿ ಅಕ್ಕ. ನರಕೋಶಗಳ ಮೇಲಷ್ಟೇ ಕೆಲಸ ಮಾಡುತ್ತೆ ಅಂದ್ಕೊಂಡಿದ್ರು. ಅವುಗಳ ಪಕ್ಕ ಬೇರೆ ಕೋಶಗಳಿರ್ತವೆ, ನಕ್ಷತ್ರದ ಹಾಗೆ ತೋಳು ಚಾಚ್ಕೊಂಡು. ನರಕ್ಕೆ ಉಣಿಸೋದು, ಕಸ ಬಳಿಯೋದು, ಎಲ್ಲಾ ಅವೇ. ನರಗಳನ್ನ ಹಿಡಿದಿಡೋ ಬರೀ ಅಂಟು ಅಂತ ಯಾರೂ ಲೆಕ್ಕಕ್ಕೇ ಇಟ್ಟಿರ್ಲಿಲ್ಲ. ಮನಸ್ಸು ಕುಸಿದಾಗ ಅವೂ ಮುದುಡ್ತವೆ, ಔಷಧಿ ಬಿದ್ಮೇಲೆ ಮತ್ತೆ ತೋಳು ಬಿಡಿಸ್ತವೆ ಅಂತ ನಮ್ಮ ಗುಮಾನಿ. ಅದನ್ನೇ ನಾನು ನೋಡ್ತಿರೋದು."

"ಹೇಗೆ ನೋಡ್ತೀಯ?"

"ಮೆದುಳಿಗೆ ಬಣ್ಣ ಹಾಕಿ, ಮೈಕ್ರೋಸ್ಕೋಪಲ್ಲಿ."

"ಮತ್ತೆ ಈಜಿದ ಇಲಿದೂನಾ?"

ಅವನು ಹೌದೆಂದು ತಲೆಯಾಡಿಸಿದ.

"ಈಜಿದ್ರೂ ಕೊಯ್ತೀರ," ಎಂದಳು ಅಕ್ಕ, ದನಿ ಏರಿಸದೆ.

ಈಗ ಇವಳು ಬರುವುದಿಲ್ಲ ಎಂದುಬಿಟ್ಟರೆ? ಈ ಒಂದು ದಿನಕ್ಕೆ ಒಪ್ಪಿಸಲು ಭಾವ ಅವಳ ಕೈಕಾಲು ಹಿಡಿದಿದ್ದರು. ಒಂದು ಟಿಕ್ಕಿನಲ್ಲಿ ಎಲ್ಲ ನೀರುಪಾಲು.

ಅಕ್ಕ ಮಾತ್ರ ಎದ್ದು ಮುಖ ತೊಳೆದಳು. ತಲೆ ಬಾಚಿಕೊಂಡಳು, ಹಿಂದಿನ ಸಿಕ್ಕು ಬಿಡಿಸದೆ. ಕಿಟಕಿಗೆ ಹೋಗಿ ಪಕ್ಕದ ಮನೆಗೆ ಕೂಗಿದಳು: "ಟೈಲರಮ್ಮಾ, ನನ್ನ ಜೊತೆ ಆಸ್ಪತ್ರೆಗೆ ಬರ್ತೀರಾ? ಡ್ರಿಪ್ ಹಾಕ್ತಾರೆ, ಆಮೇಲೆ ಮನೆಗೆ ಕರ್ಕೊಂಡು ಬರೋಕೆ ಒಬ್ರು ಇರಬೇಕಂತೆ."

ಹೊಲಿಗೆ ಮೆಷಿನ್ ನಿಂತಿತು. "ಬಂದೆ ತಾಯಿ, ದಾರ ಕಡಿದು ಬಂದೆ!" ಯಾಕೆ, ಏನು ಎಂದು ಆಕೆ ಕೇಳಲೂ ಇಲ್ಲ.

ನೆಲ ಬಾಯಿ ಬಿಡಬಾರದೇ ಅನಿಸಿತು ಅವನಿಗೆ. "ನಾನಿದ್ದೀನಲ್ಲಕ್ಕ. ರಜ ಹಾಕಿ ಬಂದಿದ್ದೀನಿ. ಇದನ್ನ ಇಲ್ಲೇ ಬಿಟ್ಟು ಬರ್ತೀನಿ, ನೋಡು." ಸ್ಟಾಪ್‌ವಾಚನ್ನು ಮಂಚದ ಮೇಲಿಟ್ಟ. "ಪಕ್ಕದಲ್ಲಿ ಸುಮ್ನೆ ಕೂತಿರ್ತೀನಿ. ಏನೂ ಕೇಳಲ್ಲ."

ಅಕ್ಕ ಚಪ್ಪಲಿ ಮೆಟ್ಟಿಕೊಂಡಳು. "ನೋಡ್ತಾ ಇರ್ತೀಯ."

"ನೋಡೋದೂ ಇಲ್ಲ. ಅಮ್ಮನಾಣೆ."

"ಔಷಧಿ ತಗೋತೀನಿ," ಎಂದಳು ಅಕ್ಕ. "ನೀನು ಬೇಡ."