ಜೇಬಿನಲ್ಲಿ ಸಿಕ್ಕಿದ್ದು

ಮಗಳ ಯೂನಿಫಾರ್ಮಿನ ಜೇಬನ್ನು ಲಾಂಡ್ರಿಯಮ್ಮ ಮತ್ತೊಮ್ಮೆ ಒಳಹೊರಗು ಮಾಡಿ ಕೊಡವಿದಳು. ಪೆನ್ಸಿಲ್ ಸಿಪ್ಪೆ, ಚಾಕೊಲೇಟ್ ಕಾಗದ, ಅಷ್ಟೇ. ಹೊಲಿಗೆಯ ಸಂದಿಗೂ ಬೆರಳು ತೂರಿಸಿ ನೋಡಿದಳು. ಅಲ್ಲೂ ಏನೂ ಇರಲಿಲ್ಲ.

"ಮೂಸಿ ನೋಡಿ, ಗೊತ್ತಾಗುತ್ತೆ" ಎಂದಿದ್ದರು ಕ್ಲಾಸ್ ಟೀಚರ್. ಹೇಳುವುದು ಸುಲಭ. ಬ್ಲೀಚಿನ ಆವಿ ಕುಡಿದು ಕುಡಿದು ಲಾಂಡ್ರಿಯಮ್ಮನ ಮೂಗು ಸತ್ತು ಯಾವ ಕಾಲವಾಯಿತೋ. ಅವಳಿಗೆ ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ. "ಊರ ಕೊಳೆ ಒಗೆಯೋಳಿಗೆ ಇದೇ ಒಳ್ಳೇದಾಯ್ತು ಬಿಡಿ" ಎಂದು ಗಿರಾಕಿಗಳ ಮುಂದೆ ತಾನೇ ನಗುತ್ತಿದ್ದಳು. ಈಗ ಮಗಳ ಸ್ವೆಟರನ್ನು ಮುಖಕ್ಕೆ ಒತ್ತಿಕೊಂಡು, ಏನೂ ತಿಳಿಯದೆ, ಅತ್ತಳು.

ಇದ್ದವಳು ಒಬ್ಬಳೇ ಮಗಳು. ಒಂದು ಕಡೆ ನಿಲ್ಲುವ ಪೈಕಿ ಅಲ್ಲವೆಂದು ಬೀದಿಯವರೆಲ್ಲ ಅವಳನ್ನು ಬುಗುರಿ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಲಾಂಡ್ರಿ ಅಂಗಡಿಯಲ್ಲಿ ಮಾತು, ನಗು, ಜಗಳ ಎಲ್ಲವೂ ಅವಳದೇ. ಆ ಬುಗುರಿ ಕಳೆದ ತಿಂಗಳು ಪಾಠದ ನಡುವೆ ಎದ್ದು ನಿಂತು, ಗೋಡೆ ತನ್ನನ್ನು ಬೈಯುತ್ತಿದೆ ಎಂದು ಕಿವಿ ಮುಚ್ಚಿಕೊಂಡು ಚೀರಿದ್ದಳು. ಆಸ್ಪತ್ರೆಯ ಡಾಕ್ಟರು ಸುತ್ತಿಬಳಸದೆ ಹೇಳಿದರು: ಗಾಂಜಾ. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಈ ಮಗುವಿನ ತಲೆ ಅದನ್ನು ತಾಳುವುದಿಲ್ಲ.

"ಇನ್ನೊಂದು ಸಲ ಹೀಗಾದ್ರೆ ಹಳೇ ಹುಡುಗಿ ವಾಪಸ್ ಬರ್ತಾಳೆ ಅಂತ ನಾನು ಹೇಳಲಾರೆ."

ಅಂದಿನಿಂದ ಕಾವಲು ಶುರುವಾಯಿತು. ಸ್ಕೂಲಿನಲ್ಲಿ ಟೀಚರ್ ದಿನಾ ಬ್ಯಾಗು ನೋಡುತ್ತಿದ್ದರು, ಬಿಡುವಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ಮಾತನಾಡಿಸುತ್ತಿದ್ದರು. ಬೀದಿಯ ಮೂಲೆಗೆ ಸೈಕಲ್ ಅಂಗಡಿಯವನು ಕಣ್ಣಿಟ್ಟ; ಗುರುತಿಲ್ಲದ ಯಾವ ಮುಖ ಕಂಡರೂ ಪಂಪು ಕೆಳಗಿಟ್ಟು ವಿಚಾರಿಸುತ್ತಿದ್ದ. ಮನೆಯಲ್ಲಿ ತಾಯಿ ದಿಂಬು ಬಿಚ್ಚಿದಳು, ಪುಸ್ತಕದ ರಟ್ಟು ಕಿತ್ತಳು. ಬುಗುರಿಯ ಜೀವದ ಗೆಳತಿಯನ್ನು ಬಾಗಿಲಲ್ಲೇ ತಡೆದಳು.

"ನೀನೇ ತಾನೆ ಇದನ್ನ ಅವಳಿಗೆ ಕಲಿಸಿದ್ದು?"

"ಇಲ್ಲ ಆಂಟಿ. ಅವಳ ಹತ್ರಾನೇ ಇತ್ತು. ಅವಳೇ ನನಗೆ ತೋರಿಸಿದ್ದು."

"ಹೂಂ, ತಪ್ಪು ಮಾಡಿದವರು ಯಾರು ಒಪ್ಕೋತಾರೆ. ಇನ್ನು ಈ ಹೊಸ್ತಿಲು ತುಳೀಬೇಡ."

ಆ ಹುಡುಗಿ ಕಣ್ಣೊರೆಸಿಕೊಂಡು ಹೋಯಿತು. ಆಮೇಲೆ ಮಗಳ ಸರದಿ. ಮೊದಲು ಗದರಿದಳು, ನಂತರ ತಲೆ ಸವರಿದಳು.

"ಯಾರು ಕೊಟ್ಟಿದ್ದು ಅಂತ ಹೇಳು ಮಗಾ. ಅವರ ಕೈ ಮುರಿದು ಹಾಕ್ತೀನಿ."

ಬುಗುರಿ ತಾಯಿಯ ಕೈಗಳನ್ನೇ ನೋಡುತ್ತಿದ್ದಳು. ಸೋಪು, ಸೋಡಾ ತಿಂದು ಬಿರಿದ ಬೆರಳುಗಳು. "ಬೇಡಮ್ಮ" ಎಂದಳು. "ನಾನು ಇನ್ನು ಮುಟ್ಟಲ್ಲ. ಅಷ್ಟು ಸಾಕು ಬಿಡು."

ಬರೀ ಮಾತಿಗೆ ಬಿಡುವಳೇ ತಾಯಿ? ಆಟ ಬಂದ್, ಫೋನ್ ಬಂದ್. ಸ್ಕೂಲು ಬಿಟ್ಟರೆ ಅಂಗಡಿ. ಅಂಗಡಿಯಿಂದ ಕಾಲು ಹೊರಗಿಡುವುದಿದ್ದರೆ ಇಸ್ತ್ರಿಯಾದ ಬಟ್ಟೆ ತಲುಪಿಸಲು ಮಾತ್ರ. ಅದೂ ಎಲ್ಲ ಗೊತ್ತಿರುವ, ಮರ್ಯಾದಸ್ಥರ ಮನೆಗಳಿಗೆ. ಆ ಕೆಲಸ ಮೊದಲಿನಿಂದಲೂ ಅವಳದೇ.

ಅಂಗಡಿಗೆ ಒಂದು ಹೆಸರಿತ್ತು. ಗಂಡನ ಕಾಲದಿಂದ ನಡೆದು ಬಂದ ಪದ್ಧತಿ ಅದು. ಬಟ್ಟೆ ನೆನೆಸುವ ಮುಂಚೆ ಜೇಬು ನೋಡಬೇಕು. ಸಿಕ್ಕಿದ್ದನ್ನು ಬಿಚ್ಚಬಾರದು, ಏನೆಂದು ಕೇಳಬಾರದು. ಕಾಗದದ ಕವರಿಗೆ ಹಾಕಿ, ಕಾಲರಿಗೆ ಪಿನ್ನು ಚುಚ್ಚಿ, ಬಟ್ಟೆಯ ಜೊತೆಗೇ ಮರಳಿಸಬೇಕು. ಕೀಲಿಕೈ, ಮದುವೆಯ ಉಂಗುರ, ಸದಾ ಕೆಮ್ಮುತ್ತ ಎಲ್ಲವನ್ನೂ ಮರೆಯುವ ಕೋಟಿನ ಸಾರ್ ಅವರ ಮದ್ದಿನ ಪೊಟ್ಟಣ, ಪ್ರೇಮಪತ್ರ. ಒಮ್ಮೆಯಂತೂ ಯಾರದೋ ಕಟ್ಟಿಸಿದ ಹಲ್ಲು. ಯಾರದೂ ಒಂದು ಗುಂಡುಸೂಜಿ ಕಳೆದಿಲ್ಲ ಎಂಬುದೇ ಲಾಂಡ್ರಿಯಮ್ಮನ ಹೆಮ್ಮೆ.

ಒಂದು ಸಂಜೆ ಬುಗುರಿ ಬಟ್ಟೆಯ ಗಂಟು ಎತ್ತಿಕೊಳ್ಳದೆ ನಿಂತಳು.

"ಅಮ್ಮ, ಬಟ್ಟೆ ಕೊಟ್ಟು ಬರೋ ಕೆಲಸ ನಂಗೆ ಬೇಡಮ್ಮ. ಒಗೀತೀನಿ, ಇಸ್ತ್ರಿ ಹಾಕ್ತೀನಿ, ಏನ್ ಬೇಕಾದ್ರೂ ಮಾಡ್ತೀನಿ. ಇದೊಂದು ಬೇಡ."

"ಮೈಗಳ್ಳತನ ಇದು. ಕೈಗೆ ಕೆಲಸ ಇದ್ರೆ ತಲೆ ನೆಟ್ಟಗಿರುತ್ತೆ ಅಂತ ಡಾಕ್ಟ್ರೇ ಹೇಳಿಲ್ವಾ?"

"ಹಾಗಾದ್ರೆ ನೀನೂ ಬಾ, ಜೊತೆಗೆ."

"ಅಂಗಡಿ ಯಾರು ನೋಡ್ಕೋತಾರೆ, ನಿಮ್ಮಪ್ಪನಾ?" ಎಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು. ಮಗಳ ಕಣ್ಣಿಂದ ನೀರು ಇಳಿಯುತ್ತಿತ್ತು. ಬುಗುರಿ ಗಂಟು ಎತ್ತಿಕೊಂಡು ಹೋದಳು.

ಆ ವಾರವೇ ಮತ್ತೆ ಆಯಿತು. ಈ ಸಲ ಗೋಡೆ ಬೈಯಲಿಲ್ಲ, ಬುಗುರಿ ಚೀರಲೂ ಇಲ್ಲ. ಸುಮ್ಮನಾಗಿಬಿಟ್ಟಳು. ಆಸ್ಪತ್ರೆಯ ಕಿಟಕಿಯ ಬಳಿ ಕೂರಿಸಿದರೆ ಯಾರಾದರೂ ಎಬ್ಬಿಸುವವರೆಗೆ ಕೂತೇ ಇರುತ್ತಾಳೆ. ತಾಯಿ ತಲೆ ಬಾಚಿ ಜಡೆ ಹಾಕಿದರೆ, ತಿರುಗಿ ನೋಡಿ, "ಥ್ಯಾಂಕ್ಸ್ ಆಂಟಿ" ಎನ್ನುತ್ತಾಳೆ.

ಒಂದು ಮಧ್ಯಾಹ್ನ ಕ್ಲಾಸ್ ಟೀಚರ್ ಅಂಗಡಿಗೆ ಬಂದರು. ಲಾಂಡ್ರಿಯಮ್ಮ ತುಟಿಯಲ್ಲಿ ಪಿನ್ನುಗಳನ್ನು ಕಚ್ಚಿಕೊಂಡು ಬಟ್ಟೆ ಜೋಡಿಸುತ್ತಿದ್ದಳು. ಕೈ ನಿಂತರೆ ತನ್ನ ತಲೆಯೂ ಕೆಟ್ಟೀತೆಂಬ ಭಯ ಅವಳಿಗೆ. ಟೀಚರ್ ಸ್ಟೂಲಿನ ಮೇಲೆ ಕುಳಿತರು.

"ಸ್ಕೂಲಲ್ಲಿ ನಾನಿದ್ದೆ, ಬೀದೀಲಿ ಸೈಕಲ್ ಅಂಗಡಿಯವರಿದ್ರು, ಮನೇಲಿ ನೀವಿದ್ರಿ" ಎಂದರು. "ಇಷ್ಟು ಜನ ಕಾದ್ರೂ ಅದು ಎಲ್ಲಿಂದ ಬಂತು ಅಂತಾನೇ..."

ಟೀಚರ್ ಮೂಗಿಗೆ ಏನೋ ವಾಸನೆ ಬಡಿಯಿತು. ಅವರು ಎದ್ದು, ಮೇಜಿನ ಮೇಲೆ ಮಡಚಿಟ್ಟಿದ್ದ ಕೋಟಿನತ್ತ ಬಾಗಿ, ಕಾಲರಿಗೆ ಚುಚ್ಚಿದ್ದ ಕವರನ್ನು ಮೂಸಿದರು. ಇನ್ನೊಮ್ಮೆ ಮೂಸಿದರು.

"ಅವಳ ಸ್ವೆಟರಲ್ಲಿ ಇದ್ದಿದ್ದು ಇದೇ ವಾಸನೆ. ಇದು ಗಾಂಜಾ. ಇದನ್ನ ಅವಳ ಕೈಗೆ ಕೊಡ್ತಿದ್ದವರು ಯಾರು?"

ಲಾಂಡ್ರಿಯಮ್ಮ ತುಟಿಯಲ್ಲಿದ್ದ ಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ನಾನು" ಎಂದಳು. "ಬೇಡಮ್ಮ ಅಂತ ಅವಳು ಅತ್ತರೂ, ನಾನೇ."