ಐದನೆಯ ಊರು

ಅಮ್ಮ ಹೋಗಿ ಎರಡು ತಿಂಗಳಾಗಿರಲಿಲ್ಲ, ತಂಗಿ ಆಗಲೇ ನಾಲ್ಕು ಊರು ಸುತ್ತಿ ಬಂದಿದ್ದಳು. ನೆಂಟರ ಕುಹಕ ಕೇಳಿ ಕೇಳಿ ಅಣ್ಣನ ತಲೆ ಕೆಟ್ಟುಹೋಗಿತ್ತು. ಐದನೆಯ ಊರಿಗೆ ಹೊರಟವಳನ್ನು ಅವನು ಬಸ್‌ಸ್ಟ್ಯಾಂಡಿನಲ್ಲೇ ಅಡ್ಡಗಟ್ಟಿದ.

“ಮಾನ ಮರ್ಯಾದೆ ಇದೆಯೇನೇ ನಿಂಗೆ? ಅಮ್ಮನ ಚಿತೆ ಇನ್ನೂ ಆರಿಲ್ಲ, ರೇಷ್ಮೆ ಸೀರೆ ಉಟ್ಕೊಂಡು ಊರೂರು ಮೆರೀತಿದ್ದೀಯ!”

“ಇದು ಅಮ್ಮಂದು. ಇದನ್ನ ಉಟ್ಟು ಬಸ್ಸು ಹತ್ತಿದ್ರೇನೇ ನಂಗೆ ಅಳು ನಿಲ್ಲೋದು.”

“ಓಹೋ, ಅವಳ ಟ್ರಂಕಿಗೂ ಕೈ ಹಾಕಿದ್ಯಾ? ಆ ಸೀರೆಗಳೆಲ್ಲ ಪ್ರತಿ ದೀಪಾವಳಿಗೂ ನಾನು ಕೊಡಿಸಿದ್ದು!”

“ಹೌದು. ಒಂದರ ಮಡಿಕೇನೂ ಅವಳು ಬಿಚ್ಚಿರಲಿಲ್ಲ.”

“ಯಾಕಂತೆ? ನಾನು ತಂದಿದ್ದು ಅವಳಿಗೆ ಹಿಡಿಸ್ಲಿಲ್ವಂತಾ?”

ಬಸ್ಸು ಹೊರಟಿತು. ತಂಗಿ ಮೆಟ್ಟಿಲು ಹತ್ತಿ, ಕಂಬಿ ಹಿಡಿದು ತಿರುಗಿದಳು.

“ನೀನು ಎಲ್ಲಿಗಾದ್ರೂ ಕರ್ಕೊಂಡು ಹೋದಾಗ ಉಡ್ತೀನಿ ಅಂತ ಎತ್ತಿಟ್ಟಿದ್ಲು.”